ಬಿಸಿ ಗ್ರಿಪ್ ಹಾಕಿಸಿದ ಮೇಲೂ ಬೆರಳು ಮರಗಟ್ಟುತ್ತಿದೆ, ಮುಂದೇನು ಮಾಡಲಿ?

ಚಳಿಗೆ_ಸಿಕ್ಕವನು

ಎಲ್ಲರಿಗೂ ನಮಸ್ಕಾರ. ದಿನಾ ಬೆಳಗಿನ ಜಾವ ಐದಕ್ಕೆ ಹೊರಟು ಒಂದೂಕಾಲು ಗಂಟೆ ಹೈವೇ ಮೇಲೆ ಬೈಕ್ ಓಡಿಸಬೇಕು, ನನ್ನ ಕೆಲಸವೇ ಹಾಗಿದೆ. ಈಗ ಆ ಹೊತ್ತಿಗೆ 5 ಡಿಗ್ರಿ ಆಸುಪಾಸು ಇರುತ್ತದೆ. ಹೋದ ತಿಂಗಳು ಹೀಟೆಡ್ ಗ್ರಿಪ್ ಹಾಕಿಸಿದೆ, ಅಂದರೆ ಕರೆಂಟಿನಲ್ಲಿ ಬಿಸಿಯಾಗುವ ಹ್ಯಾಂಡಲ್ ಹಿಡಿ. ಮೊದಲ 20 ನಿಮಿಷ ಸ್ವರ್ಗ. ಆಮೇಲೆ ಅಂಗೈ ಬೆಚ್ಚಗೇ ಇರುತ್ತದೆ, ಬೆರಳ ತುದಿ ಮಾತ್ರ ಯಾರದೋ ಅನ್ನುವ ಹಾಗೆ ಆಗುತ್ತದೆ. ನಿನ್ನೆ ಬ್ರೇಕ್ ಹಿಡಿಯುವಾಗ ಲಿವರ್ ಮೇಲೆ ಬೆರಳು ಇದೆಯೋ ಇಲ್ಲವೋ ಅಂತ ಕೆಳಗೆ ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡೆ. ಆಗ ನಿಜಕ್ಕೂ ಭಯ ಆಯಿತು.

ಇನ್ನೊಂದು ವಿಷಯ, ಎಡಗಡೆ ಗ್ರಿಪ್ ಬಲಗಡೆಯಷ್ಟು ಕಾಯುವುದಿಲ್ಲ. ಪೀಸೇ ಸರಿ ಇಲ್ವಾ? ಹೀಟೆಡ್ ಗ್ಲೌಸ್ ತೆಗೆದುಕೊಳ್ಳೋಣ ಅಂತಿದ್ದೇನೆ. ಬ್ಯಾಟರಿಯದ್ದು ಒಳ್ಳೇದಾ, ಬೈಕಿಗೆ ವೈರು ಎಳೆಯುವುದು ಒಳ್ಳೇದಾ, ಬಳಸಿದವರು ಹೇಳಿ.

ಹಳೇಕ್ಲಚ್

ಗ್ಲೌಸ್ ವಿಷಯ ಆಮೇಲೆ. ಮೊದಲು ಹೇಳಿ, ಎದೆಗೆ ಹೊಟ್ಟೆಗೆ ಏನು ಹಾಕಿಕೊಂಡು ಹೋಗುತ್ತೀರಿ?

ಚಳಿಗೆ_ಸಿಕ್ಕವನು

ಟೀ ಶರ್ಟ್, ಅದರ ಮೇಲೆ ಮೆಶ್ ರೈಡಿಂಗ್ ಜಾಕೆಟ್, ಒಳಗೆ ಅದರದ್ದೇ ತೆಳು ಲೈನರ್. ಮೈಗೆ ಅಷ್ಟೇನೂ ಚಳಿ ಅನ್ನಿಸಲ್ಲ ಸರ್, ತೊಂದರೆ ಕೈಗೆ ಮಾತ್ರ.

ಹಳೇಕ್ಲಚ್

ಇಲ್ಲೇ ಇರೋದು ಮೋಸ. ಮೈಗೆ ಚಳಿ ಅನ್ನಿಸದೇ ಇರುವುದಕ್ಕೆ ನಿಮ್ಮ ಬೆರಳುಗಳೇ ಬೆಲೆ ಕೊಡುತ್ತಿವೆ. ಎದೆ ಹೊಟ್ಟೆ ತಣ್ಣಗಾಗಲು ಶುರುವಾದ ಕೂಡಲೇ ದೇಹ ಕೈಕಾಲಿಗೆ ಹೋಗುವ ರಕ್ತನಾಳಗಳನ್ನು ಬಿಗಿ ಮಾಡಿಬಿಡುತ್ತದೆ. ನಲ್ಲಿ ತಿರುಗಿಸಿ ಮುಚ್ಚಿದ ಹಾಗೆ. ಹೃದಯ, ಶ್ವಾಸಕೋಶ, ಮೆದುಳು ಬಿಸಿಯಾಗಿದ್ದರೆ ಸಾಕು, ಬೆರಳಿನದ್ದು ಆಮೇಲೆ ನೋಡೋಣ ಅಂತ ಅದರ ಲೆಕ್ಕ. ನೀವು ಮುಚ್ಚಿದ ನಲ್ಲಿಯ ತುದಿಗೆ ಹೊರಗಿನಿಂದ ಬೆಂಕಿ ಇಡುತ್ತಿದ್ದೀರಿ. ಅಂಗೈ ಗ್ರಿಪ್‌ಗೆ ತಗುಲಿಕೊಂಡಿರುವುದರಿಂದ ಅದು ಬೆಚ್ಚಗಿದೆ. ಬೆರಳ ತುದಿ, ಕೈಯ ಹಿಂಭಾಗ ಗಾಳಿಗೆ ಎದುರಾಗಿವೆ, ಅಲ್ಲಿಗೆ ಬಿಸಿ ರಕ್ತವೂ ಬರುತ್ತಿಲ್ಲ, ಗ್ರಿಪ್ ಬಿಸಿಯೂ ತಲುಪುತ್ತಿಲ್ಲ.

ಮೊದಲ 20 ನಿಮಿಷ ಯಾಕೆ ಸರಿ ಇರುತ್ತದೆ? ಮನೆಯಿಂದ ಹೊತ್ತು ತಂದ ಬಿಸಿ ಮೈಯಲ್ಲಿ ಇನ್ನೂ ಇರುತ್ತದೆ, ಅಷ್ಟೇ.

ನನ್ನ ಸಲಹೆ, ಗ್ಲೌಸ್ ಬಿಟ್ಟು ಮೊದಲು ಹೀಟೆಡ್ ವೆಸ್ಟ್ ತೆಗೆದುಕೊಳ್ಳಿ. ತೋಳಿಲ್ಲದ್ದಾದರೂ ಸಾಕು. ಎದೆ, ಬೆನ್ನು, ಮುಖ್ಯವಾಗಿ ಕುತ್ತಿಗೆ ಪಟ್ಟಿಯಲ್ಲಿ ಬಿಸಿಯಾಗುವ ತಂತಿ ಇರಬೇಕು. ನಾನು ಹತ್ತು ವರ್ಷ ಕೈಗೆ ಏನೇನೋ ಸುತ್ತಿಕೊಂಡು ಓಡಾಡಿ, ಕೊನೆಗೆ ವೆಸ್ಟ್ ಹಾಕಿದ ದಿನ ತಲೆ ಚಚ್ಚಿಕೊಂಡೆ.

ಗಾಳಿಗುದುರೆ

ವೆಸ್ಟೂ ಬೇಡ, ವೈರೂ ಬೇಡ ಗುರುಗಳೇ. ಗಾಳಿ ನಿಲ್ಲಿಸಿ, ಅರ್ಧ ಚಳಿ ಅಲ್ಲೇ ಹೋಗುತ್ತದೆ. 5 ಡಿಗ್ರಿಯಲ್ಲಿ 80 ಕಿ.ಮೀ. ವೇಗದ ಗಾಳಿ ಬರಿ ಚರ್ಮಕ್ಕೆ ಬಡಿದರೆ ಸುಮಾರು ಮೈನಸ್ 3ರ ಹಾಗೆ ಅನ್ನಿಸುತ್ತದೆ. ಹವಾಮಾನದವರ ವಿಂಡ್ ಚಿಲ್ ಸೂತ್ರಕ್ಕೆ ಹಾಕಿ ನೋಡಿ, ಅಷ್ಟೇ ಬರುತ್ತದೆ. ಮೆಶ್ ಜಾಕೆಟ್ ಅಂದರೆ ಬೇಸಿಗೆ ಜಾಕೆಟ್! ಅದರ ಮೇಲೆ ಒಂದು ಮಳೆ ಕೋಟು ಹಾಕಿಕೊಳ್ಳಿ, ಕೈಗೆ ಹ್ಯಾಂಡಲ್ ಮಫ್ ಹಾಕಿ, ಅದೇ ಹ್ಯಾಂಡಲ್ ತುದಿಯನ್ನೂ ಕೈಯನ್ನೂ ಸೇರಿಸಿ ಮುಚ್ಚುವ ಚೀಲ. ಹಳೇ ಸವಾರರು ಜಾಕೆಟ್ ಒಳಗೆ ಎದೆಗೆ ದಿನಪತ್ರಿಕೆ ಇಟ್ಟುಕೊಂಡು ಹೋಗುತ್ತಿದ್ದರು, ಅವರೇನು ದಡ್ಡರಾ?

ಹಳೇಕ್ಲಚ್

ಗಾಳಿ ನಿಲ್ಲಿಸಬೇಕು ಅನ್ನುವುದಕ್ಕೆ ನನ್ನದೂ ಒಂದು ಓಟು. ಮಳೆ ಕೋಟು ಇವತ್ತೇ ಶುರು ಮಾಡಿ ಸರ್, ಅದು ಮನೆಯಲ್ಲೇ ಇರುತ್ತದೆ. ಆದರೆ ಬಟ್ಟೆ ಬಿಸಿ ಹುಟ್ಟಿಸುವುದಿಲ್ಲ, ಮೈ ಹುಟ್ಟಿಸಿದ ಬಿಸಿಯನ್ನು ಹಿಡಿದಿಡುತ್ತದೆ ಅಷ್ಟೇ. ನಡೆಯುವವನು, ಸೈಕಲ್ ತುಳಿಯುವವನು ಬಿಸಿ ಹುಟ್ಟಿಸುತ್ತಾನೆ. ಬೈಕ್ ಮೇಲೆ ನಾವು ಸುಮ್ನೆ ಕೂತಿರುತ್ತೇವೆ. ಅರ್ಧ ಗಂಟೆ ದಾಟಿದರೆ ಪೇಪರ್ ಸಾಕಾಗಲ್ಲ.

ಮಫ್ ವಿಷಯದಲ್ಲಿ ಒಂದು ಎಚ್ಚರಿಕೆ. ಮೆತ್ತನೆ ಬಟ್ಟೆಯದ್ದಾದರೆ ಹೈವೇ ವೇಗದಲ್ಲಿ ಗಾಳಿ ಅದನ್ನು ಹಿಂದಕ್ಕೆ ತಳ್ಳಿ ಬ್ರೇಕ್ ಲಿವರ್ ಮೇಲೆ ಒತ್ತುತ್ತದೆ. ನನಗೆ ಆಗಿದೆ. ಬ್ರೇಕ್ ಲೈಟ್ ಉರಿಯುತ್ತಲೇ ಇತ್ತು, ಹಿಂದಿನ ಕಾರಿನವನು ಹಾರನ್ ಹೊಡೆದು ಹೊಡೆದು ಸುಸ್ತಾದ. ಒಳಗೆ ಗಟ್ಟಿ ಹ್ಯಾಂಡ್ ಗಾರ್ಡ್ ಇದ್ದು ಅದರ ಮೇಲೆ ಮಫ್ ಬಂದರೆ ಈ ತೊಂದರೆ ಇಲ್ಲ. ಮಫ್ ಒಳಗೆ ಬಿಸಿ ಗ್ರಿಪ್ ಇದ್ದರೆ ಅದು ಪುಟ್ಟ ಒಲೆ ಇದ್ದ ಹಾಗೆ, ತೆಳು ಗ್ಲೌಸ್ ಸಾಕು.

ಮಲ್ಟಿಮೀಟರ್

ಎಲ್ಲರೂ ಇದು ಹಾಕಿ ಅದು ಹಾಕಿ ಅನ್ನುತ್ತಿದ್ದೀರಿ, ಇವರ ಬೈಕ್ ಎಷ್ಟು ಕರೆಂಟ್ ಕೊಡುತ್ತದೆ ಅಂತ ಒಬ್ಬರೂ ಕೇಳಲಿಲ್ಲ. ಚಳಿಗೆ_ಸಿಕ್ಕವರೇ, ಸರ್ವಿಸ್ ಮ್ಯಾನುಯಲ್‌ನಲ್ಲಿ ಆಲ್ಟರ್ನೇಟರ್ ಅಥವಾ ಸ್ಟೇಟರ್ ಅಂತ ಇರುವ ಕಡೆ ಎಷ್ಟು ವ್ಯಾಟ್ ಬರೆದಿದೆ ನೋಡಿ. ಎಂಜಿನ್ ತಿರುಗಿದಾಗ ಕರೆಂಟ್ ಹುಟ್ಟಿಸುವ ಭಾಗ ಅದು, ಮೆಕ್ಯಾನಿಕ್‌ಗಳ ಬಾಯಲ್ಲಿ ಮ್ಯಾಗ್ನೆಟ್ ಕಾಯಿಲ್.

ಚಳಿಗೆ_ಸಿಕ್ಕವನು

230 ವ್ಯಾಟ್, 5000 ಆರ್‌ಪಿಎಂನಲ್ಲಿ ಅಂತ ಇದೆ. ಗ್ರಿಪ್ ಡಬ್ಬದ ಮೇಲೆ 36 ವ್ಯಾಟ್ ಅಂತ ಇದೆ. ಹೆಡ್‌ಲೈಟ್ ಹ್ಯಾಲೊಜನ್.

ಮಲ್ಟಿಮೀಟರ್

ಸರಿ, ಲೆಕ್ಕ ಹಾಕೋಣ. ಹೆಡ್‌ಲೈಟ್ 55. ಫ್ಯೂಯಲ್ ಪಂಪ್, ಇಂಜೆಕ್ಟರ್, ಇಗ್ನಿಷನ್, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಎಲ್ಲ ಸೇರಿ 70 ಅಂದುಕೊಳ್ಳಿ. ಹಿಂದಿನ ದೀಪ, ಮೀಟರ್ ಇತ್ಯಾದಿ ಒಂದು 20. ಒಟ್ಟು 145. ಉಳಿದದ್ದು 85. ಅದರಲ್ಲಿ ಗ್ರಿಪ್ 36 ತಿಂದರೆ ಮಿಕ್ಕಿದ್ದು 49. ಸಾಧಾರಣ ವೆಸ್ಟ್ ಪೂರ್ತಿ ಹಾಕಿದರೆ 45 ಹತ್ತಿರ ಎಳೆಯುತ್ತದೆ. ಅಂದರೆ ಕೂದಲೆಳೆಯಲ್ಲಿ ಪಾಸು. ತೋಳಿರುವ ಪೂರ್ತಿ ಜಾಕೆಟ್ ಲೈನರ್ 75ರಿಂದ 100 ವ್ಯಾಟ್ ಕೇಳುತ್ತದೆ, ನಿಮ್ಮ ಬೈಕಿಗೆ ಅದು ಆಗದ ಮಾತು.

ಇದೆಲ್ಲ 5000 ಆರ್‌ಪಿಎಂ ಲೆಕ್ಕ. ಐಡ್ಲಿಂಗ್‌ನಲ್ಲಿ ಅದೇ ಸ್ಟೇಟರ್ ಇದರ ಒಂದು ಪಾಲು ಮಾತ್ರ ಕೊಡುತ್ತದೆ. ಸಿಗ್ನಲ್‌ನಲ್ಲಿ, ಟ್ರಾಫಿಕ್‌ನಲ್ಲಿ ನಿಂತಾಗ ವೆಸ್ಟ್ ಬ್ಯಾಟರಿಯನ್ನು ಹೀರುತ್ತದೆ. ಹ್ಯಾಂಡಲ್ ಮೇಲೆ ಒಂದು ಪುಟ್ಟ ವೋಲ್ಟ್ ಮೀಟರ್ ಹಾಕಿಕೊಳ್ಳಿ. ಓಡುವಾಗ 13.8ರಿಂದ 14.5 ಇದ್ದರೆ ಸುಖ. ಓಡುತ್ತಿರುವಾಗಲೇ 13ಕ್ಕಿಂತ ಕೆಳಗೆ ಕೂತುಬಿಟ್ಟರೆ ಬ್ಯಾಟರಿ ಖಾಲಿಯಾಗುತ್ತಿದೆ ಅಂತ ಅರ್ಥ, ಏನಾದರೊಂದು ಆರಿಸಿ.

ಹೆಡ್‌ಲೈಟನ್ನು ನಿಮ್ಮಲ್ಲಿ ನಿಯಮ ಒಪ್ಪುವಂಥ ಒಳ್ಳೇ ಎಲ್‌ಇಡಿಗೆ ಬದಲಾಯಿಸಿದರೆ 25-30 ವ್ಯಾಟ್ ಉಳಿಯುತ್ತದೆ, ಅದು ಮುಕ್ಕಾಲು ಜೊತೆ ಗ್ರಿಪ್ಪಿಗೆ ಸಮ.

ಎಡ ಗ್ರಿಪ್ ಡಿಫೆಕ್ಟ್ ಅಲ್ಲ. ಬಲಗಡೆ ಆಕ್ಸಿಲರೇಟರ್ ಗ್ರಿಪ್ ಪ್ಲಾಸ್ಟಿಕ್ ಕೊಳವೆ ಮೇಲೆ ಕೂತಿರುತ್ತದೆ, ಪ್ಲಾಸ್ಟಿಕ್ ಬಿಸಿ ಬಿಟ್ಟುಕೊಡುವುದಿಲ್ಲ. ಎಡಗಡೆಯದ್ದು ನೇರ ಕಬ್ಬಿಣದ ಹ್ಯಾಂಡಲ್ ಮೇಲೆ. ಗ್ರಿಪ್ ಹುಟ್ಟಿಸಿದ ಬಿಸಿಯನ್ನು ಹ್ಯಾಂಡಲ್ ಎಳೆದು ಗಾಳಿಗೆ ಕೊಡುತ್ತದೆ. ಕೆಲವು ಕಂಪನಿಗಳು ಇದಕ್ಕೇ ಎಡ ಗ್ರಿಪ್ಪಿಗೆ ಸ್ವಲ್ಪ ಜಾಸ್ತಿ ವ್ಯಾಟ್ ಕೊಟ್ಟಿರುತ್ತವೆ. ಬಿಚ್ಚಿ, ಹ್ಯಾಂಡಲ್ ಮೇಲೆ ಒಂದು ಪದರ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ) ಹಾಕಿ, ಮತ್ತೆ ಕೂರಿಸಿ. ವ್ಯತ್ಯಾಸ ಗೊತ್ತಾಗುತ್ತದೆ.

ಕಿಕ್ಕರ್_ಪ್ರಿಯ

ಇಷ್ಟೆಲ್ಲ ಲೋಡ್ ಹಾಕಿದರೆ ಮ್ಯಾಗ್ನೆಟ್ ಕಾಯಿಲ್ ಸುಟ್ಟು ಹೋಗುತ್ತದೆ ಅಂತ ನಮ್ಮ ಮೆಕ್ಯಾನಿಕ್ ಹೇಳುತ್ತಾನೆ. ನಿಜಾನಾ?

ಮಲ್ಟಿಮೀಟರ್

ಹೆಚ್ಚಿನ ಬೈಕ್‌ಗಳಲ್ಲಿ ಪರ್ಮನೆಂಟ್ ಮ್ಯಾಗ್ನೆಟ್ ಸ್ಟೇಟರ್, ಶಂಟ್ ರೆಗ್ಯುಲೇಟರ್. ಅದರ ಗುಣ ಏನೆಂದರೆ ನೀವು ಬಳಸಿದರೂ ಬಳಸದಿದ್ದರೂ ಕಾಯಿಲ್ ಯಾವಾಗಲೂ ದುಡಿಯುತ್ತಲೇ ಇರುತ್ತದೆ, ಜಾಸ್ತಿಯಾದದ್ದನ್ನು ರೆಗ್ಯುಲೇಟರ್ ಶಾರ್ಟ್ ಮಾಡಿ ವಾಪಸ್ ಕಳಿಸುತ್ತದೆ. ಹಾಗಾಗಿ ಮಿಗುವಷ್ಟರೊಳಗೆ ವೆಸ್ಟ್ ಹಾಕಿಕೊಂಡರೆ ಕಾಯಿಲ್‌ಗೆ ಹೊಸ ಭಾರ ಏನೂ ಬೀಳುವುದಿಲ್ಲ. ವ್ಯರ್ಥ ಹೋಗುತ್ತಿದ್ದದ್ದು ನಿಮ್ಮ ಎದೆಗೆ ಬರುತ್ತದೆ.

ಹಳೇ ಸಣ್ಣ ಬೈಕ್‌ಗಳ ಕಥೆ ಬೇರೆ. ಅವುಗಳಲ್ಲಿ ಹೆಡ್‌ಲೈಟ್ ಎಸಿ ಮೇಲೆ ಓಡುತ್ತದೆ, ಡಿಸಿ ಕಡೆಗೆ ಬರುವುದು ತೀರಾ ಕಮ್ಮಿ. ಅಂಥದಕ್ಕೆ ವೈರು ಎಳೆಯಲೇ ಬೇಡಿ, ಬ್ಯಾಟರಿ ವೆಸ್ಟ್ ಬಳಸಿ.

ಸುಟ್ಟಕೈ

ಹೆಸರು ನೋಡಿ ನಗಬೇಡಿ, ಕಾರಣ ಇದೆ. ನನ್ನ ಮೊದಲ ಗ್ರಿಪ್ ಹಾಕಿಸಿದ್ದು ಒಂದು ವರ್ಕ್‌ಶಾಪ್‌ನಲ್ಲಿ. ಆತ ನೇರ ಬ್ಯಾಟರಿಯಿಂದ ವೈರು ಎಳೆದ. ಕೀ ತೆಗೆದರೆ ಕರೆಂಟ್ ತಾನಾಗಿ ಕಡಿಯುವ ರಿಲೇ ಇಲ್ಲ, ಫ್ಯೂಸ್ ಇಲ್ಲ. "ಇದಕ್ಕೆಲ್ಲ ಫ್ಯೂಸ್ ಯಾಕೆ, ಸಣ್ಣ ಐಟಂ" ಅಂದ. ನಾನೂ ತಲೆಯಾಡಿಸಿದೆ. ಒಂದು ರಾತ್ರಿ ಆರಿಸಲು ಮರೆತು ಬ್ಯಾಟರಿ ಸತ್ತಿತು, ಅದು ಮೊದಲ ಪಾಠ. ಎರಡು ತಿಂಗಳ ನಂತರ ಟ್ಯಾಂಕ್ ಕೆಳಗೆ ಫ್ರೇಮ್ ಅಂಚಿಗೆ ಉಜ್ಜಿ ಉಜ್ಜಿ ವೈರಿನ ಸಿಪ್ಪೆ ಹೋಗಿ ಶಾರ್ಟ್ ಆಯಿತು. ತೊಡೆ ನಡುವಿನಿಂದ ಹೊಗೆ ಬರುವುದು ನೋಡಿದ್ದೀರಾ? ಗಾಡಿ ನಿಲ್ಲಿಸಿ ಸೀಟ್ ಕಿತ್ತು ವೈರು ಎಳೆದು ಹಾಕಿದೆ, ಬರಿಗೈಯಲ್ಲಿ. ಹೆಬ್ಬೆರಳ ಮೇಲೆ ಆ ವೈರಿನ ಅಚ್ಚು ಇವತ್ತಿಗೂ ಇದೆ.

ಫ್ಯೂಸ್ ಬ್ಯಾಟರಿಯ ಪ್ಲಸ್ ಕಡೆ, ಟರ್ಮಿನಲ್‌ನಿಂದ ಗೇಣಿನೊಳಗೆ ಇರಬೇಕು. ಹೀಟರ್ ಹತ್ತಿರ ಫ್ಯೂಸ್ ಹಾಕಿದರೆ ನಡುವಿನ ವೈರನ್ನು ಕಾಯುವವರು ಯಾರು?

ಮಲ್ಟಿಮೀಟರ್

ನೂರಕ್ಕೆ ನೂರು. ಗ್ರಿಪ್ 36, ವೆಸ್ಟ್ 45, ಒಟ್ಟು 81 ವ್ಯಾಟ್. 13 ವೋಲ್ಟ್‌ಗೆ ಭಾಗಿಸಿದರೆ ಆರೂಕಾಲು ಆಂಪ್. 10 ಆಂಪ್ ಫ್ಯೂಸ್, 1.5 ಚದರ ಮಿ.ಮೀ. ವೈರು, ಒಂದು ರಿಲೇ. ರಿಲೇಗೆ ಸಿಗ್ನಲ್ಲನ್ನು ಹಿಂದಿನ ದೀಪದ ವೈರಿನಿಂದ ತೆಗೆದುಕೊಳ್ಳಿ, ಕೀ ತಿರುಗಿಸಿದರೆ ಮಾತ್ರ ಎಲ್ಲ ಎಚ್ಚರ ಆಗುತ್ತದೆ.

ಬಲ ಗ್ರಿಪ್ಪಿನ ವೈರಿಗೆ ಸ್ವಲ್ಪ ಸಡಿಲ ಬಿಟ್ಟಿರಬೇಕು, ಅದು ದಿನಕ್ಕೆ ಸಾವಿರ ಸಲ ತಿರುಗುತ್ತದೆ. ಹೆಚ್ಚು ಗ್ರಿಪ್ ಸಾಯುವುದು ಅಲ್ಲೇ, ಒಳಗೆ ತಂತಿ ಮುರಿದು. ಕೆಲಸ ಮುಗಿದ ಮೇಲೆ ಎಂಜಿನ್ ಆರಿಸಿ, ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿ ಆಕ್ಸಿಲರೇಟರ್ ತಿರುಗಿಸಿ ಬಿಡಿ. ಟಪ್ ಅಂತ ವಾಪಸ್ ಬರಬೇಕು. ಬಲಕ್ಕೂ ಹಾಗೇ ನೋಡಿ. ಎಲ್ಲಾದರೂ ಹಿಡಿದುಕೊಂಡರೆ ಗಾಡಿ ತೆಗೆಯಬೇಡಿ.

ಮಂಜಿನದಾರಿ

ಒಂದು ಚಿಕ್ಕ ಉಪಕಥೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನಗಳ ಸಿಬ್ಬಂದಿ ವಿದ್ಯುತ್ ಬಿಸಿ ಅಂಗಿ ಹಾಕುತ್ತಿದ್ದರು, 24 ವೋಲ್ಟ್‌ನದ್ದು. ಮೊದಮೊದಲ ಅಂಗಿಗಳಲ್ಲಿ ಕೈಗವಸು, ಅಂಗಿ, ಕಾಲಿನದ್ದು ಎಲ್ಲ ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದು ಒಂದೇ ತಂತಿಯಲ್ಲಿ ಇತ್ತು. ಒಂದು ಕೈಗವಸಿನ ತಂತಿ ಹರಿದರೆ ಇಡೀ ಮೈ ತಣ್ಣಗೆ. ಆಮೇಲಿನವುಗಳಲ್ಲಿ ಪ್ಯಾರಲಲ್ ಮಾಡಿದರು, ಒಂದೊಂದಕ್ಕೂ ಬೇರೆ ಬೇರೆ ದಾರಿ. ಈಗ ನೀವು ಎರಡು ಮೂರು ಸಾಮಾನು ಕೂಡಿಸುವಾಗಲೂ ಅದೇ ಮಾತು, ಎಲ್ಲ ಪ್ಯಾರಲಲ್ ಇರಲಿ.

ನಾನು ಬಳಸುವುದು 7.4 ವೋಲ್ಟ್ ಬ್ಯಾಟರಿಯ ಗ್ಲೌಸ್. ಪ್ರತಿ ಕೈಗೆ 2200 ಎಂಎಎಚ್, ಅಂದರೆ ಹದಿನಾರು ವ್ಯಾಟ್-ಅವರ್. 7-8 ವ್ಯಾಟ್ ಎಳೆದರೆ ಕಾಗದದ ಮೇಲೆ ಎರಡು ಗಂಟೆ, ಚಳಿಯಲ್ಲಿ ಬ್ಯಾಟರಿಯೇ ಮುದುಡುವುದರಿಂದ ಅದಕ್ಕಿಂತ ಕಮ್ಮಿ. ಒಂದೂಕಾಲು ಗಂಟೆಗೆ ಹೆಂಗೋ ಸಾಕು, ವಾಪಸ್ ಬರುವ ಮೊದಲು ಚಾರ್ಜ್ ಮಾಡಬೇಕು. ಹೊರಗಿಂದ ತಂದ ತಕ್ಷಣ ಚಾರ್ಜಿಗೆ ಹಾಕಬೇಡಿ, ಸೊನ್ನೆ ಡಿಗ್ರಿಗಿಂತ ಕೆಳಗೆ ಇರುವ ಲಿಥಿಯಂ ಸೆಲ್‌ಗೆ ಚಾರ್ಜ್ ತುಂಬಿದರೆ ಅದು ಕೆಡುತ್ತದೆ.

ಪವರ್ ಬ್ಯಾಂಕ್‌ಗೆ ಸಿಕ್ಕಿಸುವ ಯುಎಸ್‌ಬಿ ವೆಸ್ಟ್‌ಗಳು ಬಸ್ ಸ್ಟಾಪಿಗೆ ನಡೆದು ಹೋಗುವವರಿಗೆ ಸರಿ. 5 ವೋಲ್ಟ್ 2 ಆಂಪ್ ಅಂದರೆ ಬರೀ 10 ವ್ಯಾಟ್. ಹೈವೇ ಗಾಳಿಗೆ ಅದು ಊದುಬತ್ತಿ.

ಗಾಳಿಗುದುರೆ

ಸರಿ ಸರಿ. ಹಾಗಾದರೆ ಆ ಬಿಸಿ ಪೊಟ್ಟಣಗಳು? ಹರಿದು ಅಲ್ಲಾಡಿಸಿದರೆ ಕಾಯುತ್ತವಲ್ಲ.

ಮಂಜಿನದಾರಿ

ಅದರೊಳಗೆ ಕಬ್ಬಿಣದ ಪುಡಿ, ಉಪ್ಪು, ಇದ್ದಿಲು. ಗಾಳಿ ತಗುಲಿದರೆ ಕಬ್ಬಿಣ ತುಕ್ಕು ಹಿಡಿಯುತ್ತಾ ಬಿಸಿ ಬಿಡುತ್ತದೆ. ಬಿಗಿ ಗ್ಲೌಸ್ ಒಳಗೆ ತುರುಕಿದರೆ ಗಾಳಿಯೇ ಸಿಗದೆ ಅರ್ಧಕ್ಕೆ ತಣ್ಣಗಾಗುತ್ತದೆ. ಮೇಲಾಗಿ ಅಂಗೈಯಲ್ಲಿ ಗಂಟು ಇಟ್ಟುಕೊಂಡು ಕ್ಲಚ್ ಹಿಡಿಯುವುದು ಬೇಡ. ಜಾಕೆಟ್ ಎದೆ ಜೇಬಿನಲ್ಲಿ ಇಟ್ಟರೆ ಕೆಲಸ ಮಾಡುತ್ತದೆ. ಒಳಗಿನ ಲೋಹದ ಬಿಲ್ಲೆ ಒತ್ತಿದರೆ ಗಟ್ಟಿಯಾಗುವ ಜೆಲ್ ಚೀಲ ಬೇರೆ, ಅದು ಸೋಡಿಯಂ ಅಸಿಟೇಟ್. ಕುದಿಯುವ ನೀರಿಗೆ ಹಾಕಿ ಮತ್ತೆ ಬಳಸಬಹುದು, ಆದರೆ ಗಂಟೆಯೊಳಗೆ ಮುಗಿಯುತ್ತದೆ.

ವಾರ್ಡ್_ಅಕ್ಕ

ನಾನು ಸವಾರಳೂ ಹೌದು, ಆಸ್ಪತ್ರೆಯಲ್ಲಿ ನರ್ಸೂ ಹೌದು. ವೆಸ್ಟ್ ಬರಿ ಮೈಗೆ ಹಾಕಬೇಡಿ. ತೆಳು ಬನಿಯನ್ ಒಂದು ನಡುವೆ ಇರಲಿ. ಸುಡುವುದಕ್ಕೆ ಕೆಂಡವೇ ಬೇಕಿಲ್ಲ, 44 ಡಿಗ್ರಿಯಷ್ಟು ಬಿಸಿ ಒಂದೇ ಜಾಗಕ್ಕೆ ಗಂಟೆಗಟ್ಟಲೆ ಒತ್ತಿಕೊಂಡಿದ್ದರೂ ಚರ್ಮ ಸುಡುತ್ತದೆ. ಚಳಿಗೆ ಮರಗಟ್ಟಿದ ಮೈಗೆ ಅದು ಗೊತ್ತೇ ಆಗುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಮ್ಮಿಯಾದವರು ಬಿಸಿ ಸಾಕ್ಸ್, ಬಿಸಿ ಇನ್ಸೋಲ್ ತಂಟೆಗೆ ಹೋಗಲೇ ಬೇಡಿ, ವೈದ್ಯರನ್ನು ಕೇಳದೆ.

ಇನ್ನೊಂದು. ಜಾಸ್ತಿ ಬಿಸಿ ಇಟ್ಟು ಬೆವರಿದರೆ ಆಮೇಲೆ ಆ ಬೆವರೇ ಚಳಿ ಮಾಡುತ್ತದೆ. "ಬಿಸಿ ಇದೆ" ಅನ್ನಿಸಬಾರದು, "ಚಳಿ ಇಲ್ಲ" ಅನ್ನಿಸಬೇಕು, ಅಷ್ಟಕ್ಕೆ ಇಡಿ. ನಡುಕ ಶುರುವಾಗಿ, ಮಾತು ತೊದಲಿ, ತಲೆ ಮಂಕಾದರೆ ಗ್ರಿಪ್ ಜಾಸ್ತಿ ಮಾಡುತ್ತಾ ಕೂರಬೇಡಿ. ಗಾಡಿ ನಿಲ್ಲಿಸಿ ಒಳಗೆ ಹೋಗಿ.

ಚಳಿಗೆ_ಸಿಕ್ಕವನು

ಅಕ್ಕಾ, ಧನ್ಯವಾದ. ಎಲ್ಲರಿಗೂ ಕೂಡ. ಮಳೆ ಕೋಟು ಇವತ್ತು ಹಾಕಿಕೊಂಡು ಹೋದೆ, 20 ನಿಮಿಷ ಇದ್ದದ್ದು 40 ಆಯಿತು. ವೆಸ್ಟ್ ಆರ್ಡರ್ ಮಾಡುತ್ತೇನೆ, 12 ವೋಲ್ಟ್ ವೈರಿನದ್ದು. ಕಂಟ್ರೋಲರ್ ಬೇಕೇ ಬೇಕಾ, ಆನ್-ಆಫ್ ಸ್ವಿಚ್ ಸಾಲದಾ?

ಹಳೇಕ್ಲಚ್

ಬೇಕೇ ಬೇಕು. ಸ್ವಿಚ್ ಆದರೆ ಐದು ನಿಮಿಷ ಬೇಯುತ್ತೀರಿ, ಐದು ನಿಮಿಷ ನಡುಗುತ್ತೀರಿ. ಕಂಟ್ರೋಲರ್ ಕರೆಂಟನ್ನು ಬಿಟ್ಟು ಬಿಟ್ಟು ಕೊಡುತ್ತದೆ, ಅರ್ಧಕ್ಕೆ ಇಟ್ಟರೆ ಅರ್ಧ ಹೊತ್ತು ಮಾತ್ರ ಆನ್ ಇರುತ್ತದೆ. ನಿಮ್ಮ 49 ವ್ಯಾಟ್ ಬಜೆಟ್‌ಗೂ ಅದೇ ಒಳ್ಳೇದು. ರಾತ್ರಿ ಮೀಟರ್ ದೀಪ ಮಿಣಕ್ ಮಿಣಕ್ ಅಂದರೆ ಗಾಬರಿ ಬೇಡ, ಅದು ಈ ಆನ್-ಆಫ್ ಆಟ.

ಸೈಜ್ ಬಿಗಿಯಾಗಿರಲಿ. ವೆಸ್ಟ್ ಮೈಗೆ ಅಂಟಿದ ಹಾಗೆ, ಅದರ ಮೇಲೆ ಗಾಳಿ ತಡೆಯುವ ಪದರ. ದೊಗಲೆ ವೆಸ್ಟ್ ಬಿಸಿ ಮಾಡುವುದು ಜಾಕೆಟ್ ಒಳಗಿನ ಗಾಳಿಯನ್ನು, ನಿಮ್ಮನ್ನಲ್ಲ.

ಚಳಿಗೆ_ಸಿಕ್ಕವನು (ಮೂರು ವಾರದ ನಂತರ)

ವರದಿ ಒಪ್ಪಿಸಲು ಬಂದೆ. ವೆಸ್ಟ್ ಬಂತು, ರಿಲೇ, 10 ಆಂಪ್ ಫ್ಯೂಸ್ ಎಲ್ಲ ಭಾನುವಾರ ನಾನೇ ಕೂತು ಹಾಕಿದೆ. ಎಡ ಗ್ರಿಪ್ ಬಿಚ್ಚಲು ಅರ್ಧ ದಿನ ಹಿಡಿಯಿತು, ಅಂಟು ಬಿಡಲೇ ಇಲ್ಲ. ಹೀಟ್ ಶ್ರಿಂಕ್ ಹಾಕಿದ ಮೇಲೆ ಎರಡೂ ಕಡೆ ಹತ್ತಿರ ಹತ್ತಿರ ಒಂದೇ ಬಿಸಿ.

ಮೊನ್ನೆ 4 ಡಿಗ್ರಿ ಇತ್ತು. ವೆಸ್ಟ್ ಅರ್ಧಕ್ಕೆ, ಗ್ರಿಪ್ ಮಧ್ಯಕ್ಕೆ ಇಟ್ಟು ಹೊರಟೆ. ಮುಕ್ಕಾಲು ಗಂಟೆ ಆದ ಮೇಲೆ ಬೇಕಂತಲೇ ಗ್ರಿಪ್ ಆರಿಸಿ ನೋಡಿದೆ, ಹಳೇಕ್ಲಚ್ ಸರ್ ಮಾತು ಪರೀಕ್ಷೆ ಮಾಡೋಣ ಅಂತ. ಬೆರಳು ತಣ್ಣಗಾಯಿತು, ಆದರೆ ಕೊನೆವರೆಗೂ ನನ್ನವೇ ಆಗಿದ್ದವು. ಇಳಿದು ಹೆಲ್ಮೆಟ್ ಬಕಲನ್ನು ಗ್ಲೌಸ್ ತೆಗೆದು ಒಂದೇ ಸಲಕ್ಕೆ ಬಿಚ್ಚಿದೆ. ಮುಂಚೆ ಅದಕ್ಕೆ ಮೂರು ನಿಮಿಷ ಪರದಾಡುತ್ತಿದ್ದೆ, ಕಾವಲುಗಾರ ನೋಡಿ ನಗುತ್ತಿದ್ದ.

ವೋಲ್ಟ್ ಮೀಟರ್ ಹೈವೇಯಲ್ಲಿ 13.9 ತೋರಿಸುತ್ತದೆ. ಸಿಗ್ನಲ್‌ನಲ್ಲಿ 12.4ಕ್ಕೆ ಇಳಿಯಿತು, ವೆಸ್ಟ್ ಆರಿಸಿದೆ, ಮೇಲೆ ಬಂತು.

ಮೊದಲ ದಿನವೇ ವೈರು ಬಿಚ್ಚದೆ ಇಳಿದು ಎರಡು ಹೆಜ್ಜೆ ನಡೆದೆ. ಬೈಕ್ ನನ್ನನ್ನು ಹಿಡಿದು ಎಳೆಯಿತು.

ಹಳೇಕ್ಲಚ್

ಅದು ಎಲ್ಲರಿಗೂ ಆಗುತ್ತದೆ. ಕನೆಕ್ಟರ್ ಎಳೆದರೆ ಬಿಡುವ ಜಾತಿಯದ್ದೇ ಇರಲಿ, ಲಾಕ್ ಇರುವುದು ಬೇಡ. ಇಲ್ಲದಿದ್ದರೆ ಗಾಡಿ ನಿಮ್ಮ ಜೊತೆ ಆಫೀಸಿಗೆ ಬರುತ್ತದೆ.

ಕಿಕ್ಕರ್_ಪ್ರಿಯ

ಹಿಂದೆ ಕೂರುವವರಿಗೂ ಒಂದು ವೆಸ್ಟ್ ಕೊಡಬಹುದಾ ಇದೇ ಬೈಕಿನಲ್ಲಿ?

ಮಲ್ಟಿಮೀಟರ್

ಎರಡು ವೆಸ್ಟ್ 90, ಗ್ರಿಪ್ 36, ಒಟ್ಟು 126. ಇರುವುದು 85. ಎಲ್‌ಇಡಿ ಹೆಡ್‌ಲೈಟ್ ಹಾಕಿಸಿ, ಗ್ರಿಪ್ ಆರಿಸಿ, ಎರಡೂ ವೆಸ್ಟ್ ಮುಕ್ಕಾಲಕ್ಕೆ ಇಟ್ಟರೆ 68, ಆಗ ಆರಾಮ. ಹಿಂದಿನವರಿಗೆ ಕಂಟ್ರೋಲರ್ ಬೇರೆಯೇ ಕೊಡಿ. ಒಂದೇ ಇಟ್ಟುಕೊಂಡರೆ ದಾರಿಯುದ್ದಕ್ಕೂ ಬೆನ್ನಿಗೆ ಗುದ್ದು ಬೀಳುತ್ತದೆ, ನನ್ನ ಮನೆಯವಳನ್ನು ಕೇಳಿ.